ಕಪಾಟಿನೊಳಗಿನ ಕ್ಯಾಮೆರಾಕ್ಕೆ ಒಂದು ವೈರ್ ಹಚ್ಚಿ ನೋಡ್ರಿ

ನಮ್ಮ ಹಾರೂಗೇರಿ ಕಡೆ ಯಾವ ಮನೆಯ ಕಪಾಟು ತೆಗೆದರೂ ಸಿಗುವ ಸಾಮಾನು ಹೆಚ್ಚು ಕಡಿಮೆ ಒಂದೇ. ಹೊಲದ ಉತಾರ, ಸೊಸೈಟಿಯ ಪಾಸ್‌ಬುಕ್ಕು, ಸಕ್ಕರೆ ಕಾರ್ಖಾನೆಯ ಕಬ್ಬಿನ ತೂಕದ ಚೀಟಿ, ನಾಕಾರು ಝೆರಾಕ್ಸು, ಯಾರದೋ ಲಗ್ನದ ಕರಿಜ್ಮಾ ಆಲ್ಬಮ್ಮು. ಇದೆಲ್ಲದರ ಹಿಂದೆ ಮೂಲೆಯಲ್ಲಿ ಒಂದು ಸಣ್ಣ ಕಪ್ಪು ಚೀಲ. ಅದರೊಳಗೆ ಡಿಜಿಟಲ್ ಕ್ಯಾಮೆರಾ. ಪುಣೆಯಲ್ಲೋ ಬೆಂಗಳೂರಲ್ಲೋ ನೌಕರಿ ಹಿಡಿದ ಮಗ ಮೊದಲ ಪಗಾರದಲ್ಲಿ ತಂದದ್ದು, ಇಲ್ಲವೇ ಅಮೆರಿಕಕ್ಕೆ ಹೋಗಿ ಬಂದ ಅಳಿಯ ಕೊಟ್ಟದ್ದು. ಐದು ಮೆಗಾಪಿಕ್ಸೆಲ್, ಏಳು ಮೆಗಾಪಿಕ್ಸೆಲ್ ಅಂತ ಆಗ ಊರ ತುಂಬ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು. ಆಮೇಲೆ ಎಲ್ಲರ ಕೈಗೂ ಫೋನ್ ಬಂತು, ಕ್ಯಾಮೆರಾ ಕಪಾಟು ಸೇರಿತು.

ಈಗ ಅದರ ಚಾರ್ಜರ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ವೈರ್ ಯಾವುದು ಅನ್ನುವುದೂ ಮರೆತಿದೆ. ಆದರೆ ಒಳಗಿನ ಕಾರ್ಡಿನಲ್ಲಿ ಫೋಟೋಗಳು ಹಾಗೇ ಕೂತಿವೆ. ಸುಮಾರು 2003ರಿಂದ 2012ರ ತನಕದ ನಮ್ಮ ಊರು, ನಮ್ಮ ಮಂದಿ, ನಮ್ಮ ಜಾತ್ರೆ. ಅದಕ್ಕಿಂತ ಹಿಂದಿನ ಫೋಟೋಗಳು ರೀಲಿನವು, ಕಾಗದದ ಮೇಲಿವೆ. ಆಮೇಲಿನವು ಫೋನಿನಲ್ಲಿವೆ. ನಡುವಿನ ಹತ್ತು ವರ್ಷದ್ದು ಮಾತ್ರ ಪ್ರಿಂಟೂ ಆಗಲಿಲ್ಲ, ಫೋನಿಗೂ ಬರಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಆ ಕ್ಯಾಮೆರಾವನ್ನು ಈ ವರ್ಷವೇ ಹೊರಗೆ ತೆಗೆಯಿರಿ. ಮೊದಲು ಕಂಪ್ಯೂಟರಿಗೆ ಜೋಡಿಸಿ ಫೋಟೋ ಇಳಿಸಿಕೊಳ್ಳಿ. ಆಮೇಲೆ ಅವನ್ನು ಟಿವಿಯಲ್ಲಿ ಹಾಕಿ ಮನೆಯ ಹಿರಿಯರನ್ನು ಎದುರಿಗೆ ಕೂರಿಸಿ, ಅವರು ಹೇಳುವ ಹೆಸರುಗಳನ್ನು ಬರೆದುಕೊಳ್ಳಿ. ಬಹಳ ಮಂದಿ ಮೊದಲನೆಯದನ್ನು ಮಾಡಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಹೆಸರಿಲ್ಲದ ಫೋಟೋ ಇನ್ನೊಂದು ಇಪ್ಪತ್ತು ವರ್ಷಕ್ಕೆ ಯಾರದೋ ಮನೆಯ ಯಾರದೋ ಮುಖ, ಅಷ್ಟೇ.

ಅವಸರ ಯಾಕೆ?

"ಕಾರ್ಡಿನ್ಯಾಗ ಅದಾವಲ್ಲ, ಎಲ್ಲಿ ಹೋಗ್ತಾವ?" ಅಂತ ಕೇಳುವವರಿದ್ದಾರೆ. ಹೋಗ್ತಾವ್ರಿ. ಮೆಮೊರಿ ಕಾರ್ಡಿನಲ್ಲಿ ಫೋಟೋ ಇರುವುದು ಅತಿ ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುತ್ತಿನ ರೂಪದಲ್ಲಿ. ಮಣ್ಣಿನ ಗಡಿಗೆಯ ನೀರು ಜಿನುಗಿದ ಹಾಗೆ ಅದು ವರ್ಷಗಟ್ಟಲೆ ಮೆಲ್ಲಗೆ ಸೋರುತ್ತಿರುತ್ತದೆ. ಬಿಸಿ ಹೆಚ್ಚಾದಷ್ಟೂ ಬೇಗ ಸೋರುತ್ತದೆ. ತಗಡಿನ ಮನೆಯ ಕಪಾಟಿನಲ್ಲಿ ನಮ್ಮ ಏಪ್ರಿಲ್-ಮೇ ಬಿಸಿಲು ಎಷ್ಟಿರುತ್ತದೆ ಅಂತ ಬೇರೆ ಹೇಳಬೇಕೇ?

ಇನ್ನು ಸೆಲ್. ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾಗಳು ಆಗ ಬಹಳ ಬಂದಿದ್ದವು. ಸೆಲ್ ತೆಗೆಯದೆ ಇಟ್ಟರೆ ಅದು ಒಳಗೇ ಸೋರಿ ಬಿಳಿ ಪುಡಿಯಾಗಿ ತಾಮ್ರದ ಪಟ್ಟಿಯನ್ನು ತಿಂದುಹಾಕುತ್ತದೆ. ಹಾಗಾಗಿ ಕ್ಯಾಮೆರಾ ಕೈಗೆ ತೆಗೆದುಕೊಂಡ ಕೂಡಲೇ ಮಾಡುವ ಮೊದಲ ಕೆಲಸ ಸೆಲ್ಲಿನ ಬಾಗಿಲು ತೆಗೆದು ನೋಡುವುದು. ಒಳಗಿರುವುದು ಲಿಥಿಯಮ್ ಬ್ಯಾಟರಿಯಾಗಿದ್ದು, ಅದು ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ.

ಮೂರನೆಯ ಕಾರಣ, ಸಾಮಾನು ಸಿಗುವುದು ದಿನೇ ದಿನೇ ಕಷ್ಟವಾಗುತ್ತಿದೆ. ಕೊನಿಕಾ ಮಿನೋಲ್ಟಾ 2006ರಲ್ಲೇ ಕ್ಯಾಮೆರಾ ಧಂದೆ ಬಿಟ್ಟಿತು. ಕೊಡ್ಯಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿ, ಮರುತಿಂಗಳೇ ಕ್ಯಾಮೆರಾ ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಒಲಿಂಪಸ್ ಮತ್ತು ಫ್ಯೂಜಿ ಕೂಡಿ 2002ರಲ್ಲಿ ತಂದ ಎಕ್ಸ್‌ಡಿ ಕಾರ್ಡಿಗೆ ಈಗ ರೀಡರ್ ಹುಡುಕುವುದೇ ಒಂದು ಕೆಲಸ.

ಕಂಪ್ಯೂಟರಿಗೆ ಜೋಡಿಸುವುದು

"ಸಿಡಿ ಕಳದೈತಿ, ಅದಿಲ್ಲದ ಆಗೂದಿಲ್ಲ" ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ! ಈ ಮಾತು ವಿಂಡೋಸ್ 98ರ ಕಾಲದ್ದು. ಆಗ ನಿಜವಾಗಿಯೂ ಡ್ರೈವರ್ ಸಿಡಿ ಬೇಕಾಗುತ್ತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಹೆಚ್ಚಿನ ಕ್ಯಾಮೆರಾಗಳಿಗೆ ಅದರ ಅಗತ್ಯ ಹೋಯಿತು. ಈಗಿನ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಹಳೆಯ ಕ್ಯಾಮೆರಾವನ್ನು ತಾನಾಗಿಯೇ ಗುರುತಿಸುತ್ತವೆ.

ಕ್ಯಾಮೆರಾ ಕಂಪ್ಯೂಟರಿನ ಜೊತೆ ಮಾತಾಡುವ ರೀತಿ ಎರಡು. ಒಂದು, ತಾನೇ ಪೆನ್‌ಡ್ರೈವ್ ಆಗಿ ಕಾಣಿಸಿಕೊಳ್ಳುವುದು. ಎರಡನೆಯದು ಪಿಟಿಪಿ, ಅಂದರೆ ಚಿತ್ರ ಸಾಗಿಸಲೆಂದೇ ಮಾಡಿದ ಭಾಷೆ. ಇದರಲ್ಲಿ ಕ್ಯಾಮೆರಾಕ್ಕೆ ಡ್ರೈವ್ ಅಕ್ಷರ ಬರುವುದಿಲ್ಲ, ಕ್ಯಾಮೆರಾದ ಚಿತ್ರವೇ ಕಾಣುತ್ತದೆ. ಒಂದರಲ್ಲಿ ಆಗದಿದ್ದರೆ ಕ್ಯಾಮೆರಾದ ಸೆಟಪ್ ಮೆನುವಿನಲ್ಲಿ ಯುಎಸ್‌ಬಿ ಅಂತ ಇರುವ ಕಡೆ ಹೋಗಿ ಇನ್ನೊಂದಕ್ಕೆ ಬದಲಿಸಿ ನೋಡಿ. ಎಲ್ಲ ಮಾಡೆಲ್‌ಗಳಲ್ಲಿ ಈ ಆಯ್ಕೆ ಇರುವುದಿಲ್ಲ, ಇದ್ದರೆ ಕೆಲಸ ಸಲೀಸು.

ವೈರಿನ ಕಥೆಯೇ ಬೇರೆ. ಕ್ಯಾನನ್ನಿನ ಬಹಳಷ್ಟು ಹಳೆಯ ಮಾಡೆಲ್‌ಗಳಿಗೆ ಐದು ಪಿನ್ನಿನ ಮಿನಿ ಯುಎಸ್‌ಬಿ ಸಾಕು. ಹಳೆಯ ಎಂಪಿತ್ರೀ ಪ್ಲೇಯರ್, ಹೊರಗಿನ ಹಾರ್ಡ್‌ಡಿಸ್ಕ್ ಇವುಗಳ ವೈರೂ ಅದೇ. ಹಳೆಯ ಫೋನಿನ ಮೈಕ್ರೋ ವೈರ್ ಇದಕ್ಕೆ ಕೂರುವುದಿಲ್ಲ, ಜೋರು ಮಾಡಿ ತುರುಕಬೇಡಿ. ನಿಕಾನ್, ಸೋನಿ, ಒಲಿಂಪಸ್‌ಗಳ ಹಲವು ಮಾಡೆಲ್‌ಗಳಲ್ಲಿ ಕಂಪನಿಯದೇ ಬೇರೆ ಆಕಾರದ ಪಿನ್. ಆ ವೈರ್ ಸಿಗದಿದ್ದರೆ ಕಾರ್ಡನ್ನೇ ತೆಗೆದು ಕಾರ್ಡ್ ರೀಡರಿಗೆ ಹಾಕಬಹುದು. ಮನೆಯಲ್ಲಿ ಕಂಪ್ಯೂಟರೇ ಇಲ್ಲದಿದ್ದರೆ ಒಟಿಜಿ ಪಿನ್ನಿನ ಕಾರ್ಡ್ ರೀಡರನ್ನು ಫೋನಿಗೇ ಹಚ್ಚಿದರೂ ನಡೆಯುತ್ತದೆ.

ಇಲ್ಲೊಂದು ಗುಟ್ಟು ಇದೆ. ಆಗಿನ ಬಹಳಷ್ಟು ಕ್ಯಾಮೆರಾಗಳೊಳಗೆ ಹತ್ತಿಪ್ಪತ್ತು ಎಂಬಿಯ ಸ್ವಂತ ಮೆಮೊರಿಯೂ ಇರುತ್ತಿತ್ತು. ಕ್ಯಾಮೆರಾ ಮನೆಗೆ ಬಂದ ದಿನ, ಕಾರ್ಡ್ ಇನ್ನೂ ಕೊಂಡಿರದಾಗ ಹೊಡೆದ ಮೊದಲ ಹತ್ತು ಫೋಟೋ ಇರುವುದು ಅಲ್ಲಿ! ಅವು ಕಾರ್ಡ್ ರೀಡರಿಗೆ ಸಿಗುವುದಿಲ್ಲ. ಕಾರ್ಡ್ ಹೊರಗೆ ತೆಗೆದು, ಬರೀ ಕ್ಯಾಮೆರಾವನ್ನು ವೈರಿನಿಂದ ಜೋಡಿಸಿದಾಗ ಮಾತ್ರ ಕಾಣುತ್ತವೆ. ಕ್ಯಾಮೆರಾವನ್ನು ಗುಜರಿಯವನಿಗೆ ಕೊಡುವ ಮೊದಲು ಇದನ್ನೊಂದು ನೋಡಿ.

ಒಳಗೆ ಹೋದರೆ ಡಿಸಿಐಎಂ ಅಂತ ಒಂದು ಫೋಲ್ಡರ್ ಇರುತ್ತದೆ. 1998ರಲ್ಲಿ ಜಪಾನಿನಲ್ಲಿ ಮಾಡಿಕೊಂಡ ಒಪ್ಪಂದದ ಹೆಸರು ಅದು, ಇವತ್ತಿನ ಫೋನುಗಳಲ್ಲೂ ಅದೇ ಇದೆ. ಆ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಕಟ್ ಮಾಡಬೇಡಿ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗದು. ಕಟ್ ಮಾಡುವಾಗ ನಡುವೆ ಕಂಪ್ಯೂಟರ್ ಆರಿದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅನ್ನುವ ಹಾಗೆ ಆಗಬಹುದು. ಕಾಪಿ ಮಾಡುವಾಗ ಆರಿದರೆ ಮೂಲ ಕಾರ್ಡಿನಲ್ಲೇ ಇರುತ್ತದೆ, ಮತ್ತೆ ಶುರು ಮಾಡಿದರಾಯಿತು.

ಟಿವಿಗೆ ಯಾಕೆ ಬೇಕು?

ಡಿಜಿಟಲ್ ಕ್ಯಾಮೆರಾ ಅಂದರೆ ಕಂಪ್ಯೂಟರಿನ ಮರಿ ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಅದು ಮೊದಲು ಜೋಡಣೆಯಾದದ್ದು ಟಿವಿಗೆ. 1975ರ ಡಿಸೆಂಬರಿನಲ್ಲಿ ಕೊಡ್ಯಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು ಮೂರೂವರೆ ಕಿಲೋ ತೂಗುತ್ತಿತ್ತು. ಚಿತ್ರ ಕಪ್ಪು ಬಿಳುಪು, ಉದ್ದಕ್ಕೆ 100 ಚುಕ್ಕಿ, ಅಗಲಕ್ಕೆ 100 ಚುಕ್ಕಿ. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆಯಲು 23 ಸೆಕೆಂಡು. ಆ ಕ್ಯಾಸೆಟ್ಟನ್ನು ಇನ್ನೊಂದು ಯಂತ್ರಕ್ಕೆ ಹಾಕಿ ಟಿವಿ ಪರದೆಯ ಮೇಲೆ ಚಿತ್ರ ತೋರಿಸಿದರು. ಕಂಪನಿಯ ಮೇಲಿನವರಿಗೆ ಮಾತ್ರ, ಜನ ತಮ್ಮ ಫೋಟೋವನ್ನು ಟಿವಿಯಲ್ಲಿ ಯಾಕಾದರೂ ನೋಡಿಯಾರು ಅನ್ನುವುದೇ ಅರ್ಥವಾಗಲಿಲ್ಲವಂತೆ.

ಯಾಕೆ ನೋಡಬೇಕು ಅನ್ನುವುದಕ್ಕೆ ನಮ್ಮ ಮನೆಯ ಉತ್ತರ ಕೊಡುತ್ತೇನೆ. ಕಾಕಾನ ಹಳೆಯ ಕ್ಯಾಮೆರಾದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಯ ಫೋಟೋ ಇದ್ದವು. ಫೋನಿಗೆ ಹಾಕಿ ಆಯಿಗೆ ತೋರಿಸಿದರೆ ಆಕೆ ಕಣ್ಣು ಕಿರಿದು ಮಾಡಿ, "ಛೊಲೋ ಅದಾವ ತಮ್ಮಾ" ಅಂದು ವಾಪಸು ಕೊಟ್ಟಳು. ಆಕೆಗೆ ಏನೂ ಕಂಡಿರಲಿಲ್ಲ. ಅದನ್ನೇ ಟಿವಿಯಲ್ಲಿ ಹಾಕಿದ ದಿನ ಎರಡು ತಾಸು ಮಾತಾಡಿದಳು. ಬಂಡಿಯ ಪಕ್ಕ ನಿಂತು ನಗುತ್ತಿದ್ದ ಹೆಣ್ಣುಮಗಳು ಯಾರು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಆಯೀ, ಇಕಿ ಯಾರ?"

"ಗುರ್ತಾ ಸಿಗವಲ್ದೇನೋ? ಹಿಂದಿನ ಮನಿ ಅಕ್ಕವ್ವ. ಆಕಿ ಮಗಳ ಲಗ್ನದಾಗ ನೀನ ಎಲಿ ಹಾಕಿದ್ದಿ."

ಆ ಅಕ್ಕವ್ವ ತೀರಿಹೋಗಿ ಬಹಳ ವರ್ಷವಾಗಿದೆ. ಅವರ ಮನೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇದೆ, ಅದು ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿಸಿದ್ದು. ಮುಖವೆಲ್ಲ ಮಸುಕು, ಯಾರೋ ಬೈದ ಮೇಲೆ ತೆಗೆದ ಹಾಗಿದೆ. ನಮ್ಮ ಊರುಗಳಲ್ಲಿ ಎಷ್ಟು ಮನೆಯಲ್ಲಿ ಹೀಗಿದೆ, ನೀವೇ ನೆನಪಿಸಿಕೊಳ್ಳಿ. ಜೀವಮಾನವೆಲ್ಲ ದುಡಿದ ಜೀವಕ್ಕೆ ಕೊನೆಗೆ ಉಳಿಯುವುದು ಗುರುತಿನ ಚೀಟಿಯ ಮುಖ. ನಾವು ಜಾತ್ರೆಯ ಫೋಟೋದಿಂದ ಅಕ್ಕವ್ವನನ್ನಷ್ಟೇ ಬಿಡಿಸಿ ಪ್ರಿಂಟ್ ಹಾಕಿಸಿ ಮಗಳಿಗೆ ಕೊಟ್ಟೆವು. ಆಕೆ ಏನೂ ಅನ್ನಲಿಲ್ಲ, ಸೆರಗಿನಿಂದ ಫೋಟೋ ಒರೆಸುತ್ತಲೇ ಇದ್ದಳು.

ಇನ್ನೊಂದು ಮಾತು. ಆ ಫೋಟೋಗಳ ಮೇಲೆ ಕ್ಯಾಮೆರಾ ಬರೆದ ದಿನಾಂಕ 1 ಜನವರಿ 2005. ಸೆಲ್ ಪೂರ್ತಿ ಇಳಿದಾಗ ಕ್ಯಾಮೆರಾದ ಗಡಿಯಾರ ಮೊದಲಿಗೆ ಹೋಗಿ ನಿಲ್ಲುತ್ತದೆ, ಯಾರೂ ಸರಿ ಮಾಡದಿದ್ದರೆ ಅದೇ ದಿನಾಂಕ ಫೋಟೋಗೆ ಅಂಟಿಕೊಳ್ಳುತ್ತದೆ. ಚಿಂಚಲಿ ಜಾತ್ರೆ ಬರುವುದೇ ಮಾಘದಲ್ಲಿ, ಹಾಗಾಗಿ ಆ ದಿನಾಂಕ ಸುಳ್ಳು ಅಂತ ಗೊತ್ತಿತ್ತು. ವರ್ಷ ಯಾವುದು? ಆಯಿ ಬಂಡಿಯ ಎತ್ತು ನೋಡಿ, "ಇದು ಕರಿ ಎತ್ತ ಮಾರೂಕಿಂತ ಮೊದಲಿನ ಜಾತ್ರಿ" ಅಂದಳು. ಎತ್ತು ಮಾರಿದ ವರ್ಷ ಅಪ್ಪನ ನೆನಪಿನಲ್ಲಿತ್ತು. ಲೆಕ್ಕ 2008ಕ್ಕೆ ಬಂತು. ಯಂತ್ರ ತಪ್ಪಿದಲ್ಲಿ ಆಯಿ ಸರಿ ಹೇಳಿದಳು. ಈ ಕೆಲಸಕ್ಕೆ ದೊಡ್ಡ ಪರದೆ ಬೇಕು, ಸುತ್ತ ನಾಕು ಮಂದಿ ಬೇಕು. ಕಂಪ್ಯೂಟರಿನ ಮುಂದೆ ಒಬ್ಬನೇ ಕೂತರೆ ಆಗುವುದಿಲ್ಲ.

ಟಿವಿಗೆ ಹಚ್ಚುವ ಬಗೆ

ಹಳೆಯ ಡಬ್ಬಿ ಟಿವಿ ಇದ್ದರೆ ಕ್ಯಾಮೆರಾದ ಎವಿ ವೈರ್ ಸಾಕು. ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ತುದಿಯಲ್ಲಿ ಹಳದಿ ಮತ್ತು ಬಿಳಿ ಪಿನ್. ಡಿವಿಡಿ ಪ್ಲೇಯರ್, ಡಿಶ್ ಬಾಕ್ಸ್ ಹಚ್ಚುವ ಜಾಗವೇ. ಹಳದಿ ಚಿತ್ರಕ್ಕೆ, ಬಿಳಿ ಧ್ವನಿಗೆ. ಎರಡನ್ನೂ ಆಫ್ ಮಾಡಿ ಹಚ್ಚಿ, ಆಮೇಲೆ ಟಿವಿಯನ್ನು ಎವಿ ಮೋಡಿಗೆ ಹಾಕಿ. ವೈರ್ ಹಚ್ಚಿದ ಕೂಡಲೇ ಹೆಚ್ಚಿನ ಕ್ಯಾಮೆರಾಗಳ ಸ್ವಂತ ಪರದೆ ಕಪ್ಪಾಗುತ್ತದೆ. ಕೆಟ್ಟಿತು ಅಂತ ಗಾಬರಿಯಾಗಬೇಡಿ, ಚಿತ್ರ ಟಿವಿಗೆ ಹೋಗಿದೆ ಅಷ್ಟೇ.

ಟಿವಿಯಲ್ಲಿ ಚಿತ್ರ ಕಪ್ಪು ಬಿಳುಪಾಗಿ ಬಂದರೆ ಅಥವಾ ಉರುಳುತ್ತಿದ್ದರೆ ಅದು ಅಮೆರಿಕದ ಅಳಿಯನ ಕ್ಯಾಮೆರಾ ಇರಬೇಕು :-) ಅಲ್ಲಿಯ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಮೆನುವಿನಲ್ಲಿ ವಿಡಿಯೋ ಔಟ್ ಅಂತ ಇರುವಲ್ಲಿ ಪಾಲ್ ಮಾಡಿದರೆ ಬಣ್ಣ ಬರುತ್ತದೆ.

ಆದರೆ ಒಂದು ತಿಳಿದಿರಲಿ. ಐದು ಮೆಗಾಪಿಕ್ಸೆಲ್ ಫೋಟೋದಲ್ಲಿ 50 ಲಕ್ಷ ಚುಕ್ಕಿ ಇರುತ್ತವೆ. ಹಳದಿ ಪಿನ್ನಿನಲ್ಲಿ ಹೋಗುವ ಪಾಲ್ ಚಿತ್ರದಲ್ಲಿ ಸುಮಾರು 4 ಲಕ್ಷ. ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಗುಂಪಿನ ಹಿಂದಿನ ಸಾಲಿನ ಮುಖ ಗುರುತು ಸಿಗಬೇಕೆಂದರೆ ಫುಲ್ ಎಚ್‌ಡಿ ಟಿವಿಯಲ್ಲಿ ನೋಡುವುದೇ ವಾಸಿ, ಅದರಲ್ಲಿ 20 ಲಕ್ಷ ಚುಕ್ಕಿ. ಹೊಸ ಟಿವಿಗೆ ಕ್ಯಾಮೆರಾವನ್ನೇ ಯುಎಸ್‌ಬಿ ವೈರಿನಿಂದ ಹಚ್ಚಿದರೆ ಹಲವು ಟಿವಿಗಳು ಗುರುತಿಸುವುದಿಲ್ಲ. ಕಂಪ್ಯೂಟರಿಗೆ ಇಳಿಸಿದ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಯ ಹಿಂದೆ ಚುಚ್ಚುವುದು ಸುಲಭ. 32 ಜಿಬಿ ಅಥವಾ ಅದಕ್ಕಿಂತ ಸಣ್ಣ ಪೆನ್‌ಡ್ರೈವ್, ಫ್ಯಾಟ್32 ಫಾರ್ಮ್ಯಾಟ್ ಇದ್ದರೆ ಹೆಚ್ಚಿನ ಟಿವಿಗಳು ತಕರಾರು ಮಾಡುವುದಿಲ್ಲ. ಮೊದಲು ಕಂಪ್ಯೂಟರ್, ಆಮೇಲೆ ಟಿವಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಕೆಲವರ ತಕರಾರು

"ವಾಟ್ಸಾಪ್ ಗ್ರೂಪಿಗೆ ಹಾಕಿದ್ರ ಆತಲ್ಲ, ಎಲ್ಲಾರೂ ನೋಡ್ತಾರ" ಅನ್ನುವುದು ಒಂದು. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಸಾಮಾನ್ಯ ಫೋಟೋವಾಗಿ ಕಳಿಸಿದಾಗ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಒಳಗೆ ಬರೆದ ದಿನಾಂಕದಂಥ ಮಾಹಿತಿಯನ್ನೂ ತೆಗೆದುಹಾಕುತ್ತದೆ. ಅದು ತೋರಿಸುವ ಜಾಗ, ಇಟ್ಟುಕೊಳ್ಳುವ ಜಾಗವಲ್ಲ.

"ಇಂಟರ್ನೆಟ್ಟಿಗೆ ಏರಿಸಿಬಿಟ್ರ ಮುಗೀತು" ಅನ್ನುವುದು ಇನ್ನೊಂದು. ಬ್ಲಾಗಿಗ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ನಾವೆಲ್ಲ ಫೋಟೋ ಜೋಡಿಸಿಡುತ್ತಿದ್ದ ಪಿಕಾಸಾವನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಜಿಯೋಸಿಟೀಸ್ 2009ರಲ್ಲೇ ಹೋಯಿತು. ಪುಕ್ಕಟೆ ಜಾಗದಲ್ಲಿ ಬರೆಯುವ ನಾವು ಪುಕ್ಕಟೆ ಜಾಗವನ್ನು ಬೈಯಬಾರದು, ಆದರೆ ಅದೊಂದನ್ನೇ ನಂಬಿ ಕೂರಲೂಬಾರದು.

"ಸ್ಟುಡಿಯೋದವರ ಹತ್ರ ಇರತೈತಿ" ಅನ್ನುವುದು ಮೂರನೆಯದು. ಲಗ್ನದ ಫೋಟೋದ ಬಗ್ಗೆ ಈ ಮಾತು. ಆಲ್ಬಂ ಕೊಟ್ಟ ಮೇಲೆ ಅವರು ಹಾರ್ಡ್‌ಡಿಸ್ಕ್ ಖಾಲಿ ಮಾಡಿಕೊಳ್ಳಲೇಬೇಕು, ಮುಂದಿನ ಲಗ್ನಕ್ಕೆ ಜಾಗ ಬೇಡವೇ? ಅವರ ಧಂದೆ ಫೋಟೋ ತೆಗೆಯುವುದು, ನಮ್ಮ ಮನೆಯ ನೆನಪು ಕಾಯುವುದು ಅವರ ಕೆಲಸವಲ್ಲ. ಆಲ್ಬಂ ತರುವ ದಿನವೇ ಮೂಲ ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ಕೇಳಿ ತನ್ನಿ.

ನೀರು ಬಂದಾಗ

ಇದೆಲ್ಲ ಶ್ರೀಮಂತರ ಶೋಕಿ ಅಂತ ಯಾರಿಗಾದರೂ ಅನ್ನಿಸಿದರೆ ನಮ್ಮ ಸೀಮೆಯ ಹೊಳೆಯನ್ನು ನೆನಪು ಮಾಡುತ್ತೇನೆ. ಹಾರೂಗೇರಿಯಿಂದ ಮಿರಜ ರಸ್ತೆ ಹಿಡಿದು ಹೋದರೆ ಕುಡಚಿ ದಾಟಿದ ಕೂಡಲೇ ಕೃಷ್ಣೆ. 2005ರಲ್ಲಿ, 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಆಕೆ ಏನು ಮಾಡಿದಳು ಅನ್ನುವುದು ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡದ ದಂಡೆಯ ಮಂದಿಗೆ ಗೊತ್ತು. ಮನೆ ಬಿಟ್ಟು ಹೊರಡುವಾಗ ದನ, ಮಕ್ಕಳು, ಕಾಳಿನ ಚೀಲ, ಕಾಗದಪತ್ರ, ಇಷ್ಟರಲ್ಲೇ ಕೈ ತುಂಬಿರುತ್ತದೆ. ಆಲ್ಬಂ ಹುಡುಕುತ್ತ ಯಾರೂ ನಿಲ್ಲುವುದಿಲ್ಲ, ನಿಲ್ಲಲೂಬಾರದು. ನೀರು ಇಳಿದ ಮೇಲೆ ಗೋಡೆ ಕಟ್ಟಬಹುದು, ಹಾಳೆಗೆ ಹಾಳೆ ಅಂಟಿದ ಆಲ್ಬಂ ಬಿಡಿಸಲು ಬರುವುದಿಲ್ಲ.

ಹಾಗಾಗಿ ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಮಗಳ ಮನೆಯಲ್ಲಿ, ತಮ್ಮನ ಮನೆಯಲ್ಲಿ, ಎಲ್ಲಾದರೂ ಸರಿ. ಕಾಗದದ ಫೋಟೋವನ್ನು ಎರಡು ಮನೆಯಲ್ಲಿ ಇಡಬೇಕೆಂದರೆ ಖರ್ಚು ಬೀಳುತ್ತಿತ್ತು. ಇದರದು ಕಾಪಿ ಮಾಡಿದರಾಯಿತು, ಎರಡನೆಯದೂ ಮೊದಲನೆಯದರಷ್ಟೇ ಚೊಕ್ಕ.

ಹೆಸರು ಬರೆಯಲು ದೊಡ್ಡ ಸಾಫ್ಟ್‌ವೇರ್ ಬೇಡ. ಫೋಲ್ಡರಿನ ಹೆಸರಲ್ಲಿ ವರ್ಷ, ಊರು, ಸಂದರ್ಭ. '2008 ಚಿಂಚಲಿ ಜಾತ್ರೆ' ಅಂತ ಕನ್ನಡದಲ್ಲೇ ಬರೆಯಬಹುದು, ಯೂನಿಕೋಡ್ ಬಂದದ್ದು ಮತ್ತೇಕೆ? ಅದರೊಳಗೆ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಫೋಟೋ ನಂಬರ್, ಎಡದಿಂದ ಬಲಕ್ಕೆ ನಿಂತವರ ಹೆಸರು. ಕ್ಯಾಮೆರಾ ತಾನಾಗಿ ಕೊಟ್ಟ ನಂಬರನ್ನು ಬದಲಿಸಬೇಡಿ, ಅದೇ ಕೊಂಡಿ. ಟೈಪ್ ಮಾಡಲು ಬಾರದವರು ನೋಟ್‌ಬುಕ್ಕಿನಲ್ಲಿ ಬರೆದು ಅದರ ಫೋಟೋ ತೆಗೆದು ಅದೇ ಫೋಲ್ಡರಿಗೆ ಹಾಕಿದರೂ ನಡೆಯುತ್ತದೆ.

ದೀಪಾವಳಿಗೋ ಜಾತ್ರೆಗೋ ಎಲ್ಲರೂ ಊರಿಗೆ ಬರುತ್ತೀರಿ. ಎರಡು ದಿನ ಇರುತ್ತೀರಿ, ಅದರಲ್ಲಿ ಎರಡು ತಾಸು ಇದಕ್ಕೆ ಕೊಡಿ. ವೈರ್ ಯಾವತ್ತಾದರೂ ಹುಡುಕಿದರೆ ಸಿಗುತ್ತದೆ. ಇಕಿ ಯಾರು ಅಂತ ಹೇಳುವವರು ಸಿಗುವುದಿಲ್ಲ.

ನಿಮ್ಮ ಮನೆಯ ಕಪಾಟಿನಲ್ಲಿ ಯಾವ ಕ್ಯಾಮೆರಾ ಇದೆ, ಅದರ ಪಿನ್ ಯಾವ ಆಕಾರದ್ದು, ವೈರ್ ಎಲ್ಲಿ ಸಿಕ್ಕಿತು ಅಂತ ಕೆಳಗೆ ಬರೆಯಿರಿ. ಬೇರೆಯವರಿಗೆ ಉಪಯೋಗವಾದೀತು.